ಪ್ರತಿನಿಧಿಗೆ ಮಿತಿ ಹಾಕುವ ಹಕ್ಕು ಯಾರದು?

(ವಿಚಾರಗೋಷ್ಠಿಯೊಂದರಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಚುನಾವಣೆ ಹತ್ತಿರ ಬಂದಾಗಲೆಲ್ಲ ನಾವು ಪರಸ್ಪರ ಆಡಿಕೊಳ್ಳುವ ಮಾತೊಂದಿದೆ: 'ಇವರೇ ಎಷ್ಟು ಸಲ? ಬೇರೆಯವರಿಗೆ ಅವಕಾಶ ಬೇಡವೇ?' ಅದಕ್ಕೆ ಉತ್ತರವೂ ಅಲ್ಲೇ ಸಿಗುತ್ತದೆ: 'ಹೊಸಬರು ಬಂದು ಏನು ಮಾಡಿಯಾರು? ಅನುಭವ ಇರುವವರೇ ಇರಲಿ.' ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಈ ವಾದ ಮುಗಿಯುವುದಿಲ್ಲ. ಚುನಾವಣೆ ನಡೆಯುವ ಎಲ್ಲ ದೇಶಗಳಲ್ಲೂ ಈ ವಾದವಿದೆ. ಆದರೆ ಅದು ಅಂಗಡಿ ಜಗಲಿಯ ಹರಟೆಯನ್ನು ದಾಟಿ, ಜನಮತವಾಗಿ, ಕಾನೂನಾಗಿ, ಕೊನೆಗೆ ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋದದ್ದು ಅಮೆರಿಕದಲ್ಲಿ. ಅಲ್ಲಿನ ರಾಜ್ಯಗಳು ರಾಷ್ಟ್ರದ ಸಂಸತ್ತಿನ ಸದಸ್ಯರಿಗೆ ಅವಧಿ ಮಿತಿ ಹೇರಲು ಹೊರಟ ಕಥೆಯನ್ನು ನಾವಿಂದು ಅವಲೋಕಿಸೋಣ.

ಅಮೆರಿಕದ ಈ ವಿಷಯ ನಮಗೇಕೆ ಎಂಬ ಪ್ರಶ್ನೆ ಸಹಜ. ಈ ವಿವಾದದ ತಿರುಳಲ್ಲಿರುವುದು ಒಬ್ಬ ವ್ಯಕ್ತಿ ಎಷ್ಟು ವರ್ಷ ಅಧಿಕಾರದಲ್ಲಿರಬೇಕು ಎಂಬ ಪ್ರಶ್ನೆಯಷ್ಟೇ ಅಲ್ಲ. ಮತದಾರ ಬಯಸಿದರೂ ಸರಿಯೇ, 'ನೀನು ಸ್ಪರ್ಧಿಸಕೂಡದು' ಎಂದು ಹೇಳುವ ಅಧಿಕಾರ ಯಾರಿಗಿದೆ ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ಇದೆ. ಸಂಖ್ಯೆಯಲ್ಲಿ ಕಡಿಮೆಯಿರುವ ಯಾವ ಸಮುದಾಯವೂ ಈ ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ.

ಮಿತಿಯ ಬೇಡಿಕೆ ಹುಟ್ಟಿದ್ದೇಕೆ?

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದಕ್ಕೂ ನಮ್ಮಲ್ಲಿನ ಪಕ್ಷಕ್ಕೂ ಸಂಬಂಧವಿಲ್ಲ. ಅದರಲ್ಲಿ ಎರಡು ಸದನಗಳು. ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರು, ಅವರ ಅವಧಿ 2 ವರ್ಷ. ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಸದಸ್ಯರು, ಅವರ ಅವಧಿ 6 ವರ್ಷ. ಅಧ್ಯಕ್ಷನಾದವನು ಎರಡು ಬಾರಿಗಿಂತ ಹೆಚ್ಚು ಸಲ ಚುನಾಯಿತನಾಗಕೂಡದೆಂದು 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿ ಹೇಳುತ್ತದೆ. ಕಾಂಗ್ರೆಸ್ ಸದಸ್ಯರಿಗೆ ಮಾತ್ರ ಇಂತಹ ಯಾವ ಮಿತಿಯೂ ಇಲ್ಲ. ಮಿಚಿಗನ್ ರಾಜ್ಯದ ಜಾನ್ ಡಿಂಗೆಲ್ 1955ರಿಂದ 2015ರ ಆರಂಭದವರೆಗೆ, ಅಂದರೆ 59 ವರ್ಷಗಳ ಕಾಲ ಪ್ರತಿನಿಧಿ ಸಭೆಯಲ್ಲಿದ್ದರು. ಪಶ್ಚಿಮ ವರ್ಜೀನಿಯಾದ ರಾಬರ್ಟ್ ಬರ್ಡ್ 1959ರಿಂದ 2010ರಲ್ಲಿ ನಿಧನರಾಗುವವರೆಗೆ 51 ವರ್ಷ ಸೆನೆಟರ್ ಆಗಿದ್ದರು. ಅವರು ಮೊದಲ ಬಾರಿ ಗೆದ್ದ ದಿನ ಹುಟ್ಟಿದ ಮಗು ಅಜ್ಜನಾಗುವ ವಯಸ್ಸಿಗೆ ಬಂದರೂ ಅವರ ಕುರ್ಚಿ ಕದಲಿರಲಿಲ್ಲ.

ಇವರನ್ನು ಗೆಲ್ಲಿಸಿದವರು ಜನರೇ ಅಲ್ಲವೇ ಎಂದರೆ ಹೌದು. ಆದರೆ ಆ ಗೆಲುವಿನ ಹಿಂದಿನ ಯಂತ್ರವನ್ನೂ ನೋಡಬೇಕಾಗುತ್ತದೆ. ಹಾಲಿ ಸದಸ್ಯನ ಹೆಸರು ಮನೆಮಾತಾಗಿರುತ್ತದೆ. ಚುನಾವಣಾ ನಿಧಿ ಅವನ ಬಳಿಗೆ ತಾನಾಗಿಯೇ ಹರಿದು ಬರುತ್ತದೆ. ಅನೇಕ ರಾಜ್ಯಗಳಲ್ಲಿ ಕ್ಷೇತ್ರದ ಗಡಿಗಳನ್ನು ಗೆರೆ ಎಳೆಯುವವರು ಅವನ ಪಕ್ಷದವರೇ ಆಗಿರುತ್ತಾರೆ. ಸದನದ ಸಮಿತಿಗಳಲ್ಲಿ ಹಿರಿತನಕ್ಕೆ ಬೆಲೆಯಿರುವುದರಿಂದ ಹಳಬನನ್ನು ಕೈಬಿಟ್ಟರೆ ಕ್ಷೇತ್ರಕ್ಕೆ ಬರುವ ಅನುದಾನ ತಪ್ಪೀತೆಂಬ ಅಂಜಿಕೆ ಮತದಾರನಿಗಿರುತ್ತದೆ. ಇವೆಲ್ಲದರ ಫಲವಾಗಿ ಮರುಸ್ಪರ್ಧಿಸುವ ಪ್ರತಿನಿಧಿಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಬಹುತೇಕ ಚುನಾವಣೆಗಳಲ್ಲಿ ಗೆದ್ದು ಬರುತ್ತಾರೆ. ಒಟ್ಟು ಕಾಂಗ್ರೆಸ್ಸಿನ ಬಗ್ಗೆ ಜನರಿಗೆ ಬೇಸರ, ಆದರೆ ತಮ್ಮ ಸದಸ್ಯನನ್ನು ಮಾತ್ರ ಮತ್ತೆ ಕಳುಹಿಸುತ್ತಾರೆ. ಈ ವೈರುಧ್ಯವೇ ಅವಧಿ ಮಿತಿಯ ಚಳವಳಿಗೆ ನೀರೆರೆಯಿತು.

ಈ ಕಲ್ಪನೆ ಹೊಸದೇನೂ ಅಲ್ಲ. ಈಗಿನ ಸಂವಿಧಾನಕ್ಕಿಂತ ಮೊದಲು, 1781ರಿಂದ ಜಾರಿಯಲ್ಲಿದ್ದ ಒಕ್ಕೂಟದ ಕರಾರಿನಲ್ಲಿ, ಯಾವ ಪ್ರತಿನಿಧಿಯೂ 6 ವರ್ಷಗಳಲ್ಲಿ 3 ವರ್ಷಕ್ಕಿಂತ ಹೆಚ್ಚು ಕಾಲ ಇರಕೂಡದೆಂಬ ನಿಯಮವಿತ್ತು. ಸಂವಿಧಾನದ ಶಿಲ್ಪಿಗಳಲ್ಲಿ ಪ್ರಮುಖರಾದ ಜೇಮ್ಸ್ ಮ್ಯಾಡಿಸನ್ ಕೂಡ ಆ ನಿಯಮದಿಂದಾಗಿ 1783ರಲ್ಲಿ ಸ್ಥಾನ ಬಿಟ್ಟು ಮನೆಗೆ ಹೋಗಬೇಕಾಯಿತು. 1787ರಲ್ಲಿ ಹೊಸ ಸಂವಿಧಾನ ರಚಿಸುವಾಗ ಈ ನಿಯಮವನ್ನು ಉದ್ದೇಶಪೂರ್ವಕವಾಗಿಯೇ ಕೈಬಿಡಲಾಯಿತು. ಪ್ರತಿನಿಧಿ ಸಭೆಗೆ 25 ವರ್ಷ ವಯಸ್ಸು ಮತ್ತು 7 ವರ್ಷಗಳ ಪೌರತ್ವ, ಸೆನೆಟ್‌ಗೆ 30 ವರ್ಷ ವಯಸ್ಸು ಮತ್ತು 9 ವರ್ಷಗಳ ಪೌರತ್ವ, ಚುನಾವಣೆಯ ವೇಳೆ ಆ ರಾಜ್ಯದ ನಿವಾಸಿಯಾಗಿರುವುದು: ಇಷ್ಟನ್ನೇ ಅರ್ಹತೆಗಳೆಂದು ಸಂವಿಧಾನ ಹೇಳಿತು.

ರಾಜ್ಯಗಳು ಎದ್ದು ನಿಂತಾಗ

ಕಾಂಗ್ರೆಸ್ ತನಗೆ ತಾನೇ ಮಿತಿ ಹಾಕಿಕೊಳ್ಳಲಾರದೆಂಬುದು ಸ್ಪಷ್ಟವಾದಾಗ ಜನರು ರಾಜ್ಯಗಳ ದಾರಿ ಹಿಡಿದರು. ಅಮೆರಿಕದ ಅನೇಕ ರಾಜ್ಯಗಳಲ್ಲಿ ನಾಗರಿಕರು ಸಹಿ ಸಂಗ್ರಹಿಸಿ ಕಾನೂನಿನ ಪ್ರಸ್ತಾಪವನ್ನು ನೇರವಾಗಿ ಮತಕ್ಕೆ ಹಾಕಿಸಬಹುದು. 1990ರಲ್ಲಿ ಕೊಲರಾಡೊ ರಾಜ್ಯ ಈ ದಾರಿಯಲ್ಲಿ ಕಾಂಗ್ರೆಸ್ ಸದಸ್ಯರಿಗೆ ಸತತ 12 ವರ್ಷಗಳ ಮಿತಿ ಹಾಕಿದ ಮೊದಲ ರಾಜ್ಯವಾಯಿತು. ಅಲ್ಲಿ ಶೇ. 70ಕ್ಕೂ ಹೆಚ್ಚು ಮತದಾರರು ಅದನ್ನು ಬೆಂಬಲಿಸಿದರು. 1992ರ ನವೆಂಬರ್‌ನಲ್ಲಿ ಒಂದೇ ದಿನ 14 ರಾಜ್ಯಗಳು ಇಂತಹ ಮಿತಿಗಳನ್ನು ಅಂಗೀಕರಿಸಿದವು. 1995ರ ಹೊತ್ತಿಗೆ ಅಂತಹ ರಾಜ್ಯಗಳ ಸಂಖ್ಯೆ 23ಕ್ಕೆ ಏರಿತ್ತು. ದೇಶದ ಹೆಚ್ಚುಕಡಿಮೆ ಅರ್ಧದಷ್ಟು ರಾಜ್ಯಗಳು ಎದ್ದು ನಿಂತಿದ್ದವು.

ಅವುಗಳಲ್ಲಿ ಒಂದು ಅರ್ಕನ್ಸಾ. 1992ರಲ್ಲಿ ಆ ರಾಜ್ಯದ ಸಂವಿಧಾನಕ್ಕೆ 73ನೇ ತಿದ್ದುಪಡಿಯನ್ನು ಸುಮಾರು ಶೇ. 60 ಮತದಾರರು ಒಪ್ಪಿದರು. ಪ್ರತಿನಿಧಿ ಸಭೆಯಲ್ಲಿ ಮೂರು ಅವಧಿ, ಸೆನೆಟ್‌ನಲ್ಲಿ ಎರಡು ಅವಧಿ ಪೂರೈಸಿದವರ ಹೆಸರನ್ನು ಮತಪತ್ರದಲ್ಲಿ ಮುದ್ರಿಸಕೂಡದೆಂದು ಅದು ಹೇಳಿತು. 'ನಾವು ಅವರನ್ನು ಸ್ಪರ್ಧೆಯಿಂದ ತಡೆದಿಲ್ಲ, ಮತದಾರರು ಬೇಕಿದ್ದರೆ ಕೈಯಿಂದ ಹೆಸರು ಬರೆದು ಮತ ಹಾಕಲಿ' ಎಂಬುದು ಅದರ ಸಮರ್ಥನೆ. ಹೆಸರೇ ಇಲ್ಲದ ಮತಪತ್ರದಲ್ಲಿ ಗೆಲ್ಲುವವರೆಷ್ಟು ಮಂದಿ? ಬಾಗಿಲು ಮುಚ್ಚಿ, ಕಿಟಕಿಯಿಂದ ಬನ್ನಿ ಎನ್ನುವ ಉಪಾಯವಿದು.

ಇದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1995ರ ಮೇ 22ರಂದು ತೀರ್ಪು ನೀಡಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಒಂದೆಡೆ, ನಾಲ್ವರು ಇನ್ನೊಂದೆಡೆ. ಬಹುಮತದ ತೀರ್ಪು ಬರೆದವರು ಜಾನ್ ಪಾಲ್ ಸ್ಟೀವನ್ಸ್. ಸಂವಿಧಾನ ಹೇಳಿದ ಅರ್ಹತೆಗಳಿಗೆ ಹೊಸದನ್ನು ಸೇರಿಸುವ ಅಧಿಕಾರ ರಾಜ್ಯಗಳಿಗಿಲ್ಲ. ಕಾಂಗ್ರೆಸ್ ಸದಸ್ಯರು ಇಡೀ ರಾಷ್ಟ್ರದ ಜನರ ಪ್ರತಿನಿಧಿಗಳೇ ಹೊರತು ಆಯಾ ರಾಜ್ಯ ಸರಕಾರಗಳ ರಾಯಭಾರಿಗಳಲ್ಲ. ಒಂದೊಂದು ರಾಜ್ಯವೂ ಒಂದೊಂದು ಅರ್ಹತೆ ನಿಗದಿಪಡಿಸಿದರೆ ರಾಷ್ಟ್ರೀಯ ಸದನದ ಏಕರೂಪತೆ ಕೆಡುತ್ತದೆ. ಮಿತಿ ಬೇಕಿದ್ದರೆ ಸಂವಿಧಾನವನ್ನೇ ತಿದ್ದಬೇಕು ಎಂಬುದು ಅದರ ಸಾರಾಂಶ. ಈ ಒಂದು ತೀರ್ಪಿನಿಂದ 23 ರಾಜ್ಯಗಳ ಕಾನೂನುಗಳು ಕಾಂಗ್ರೆಸ್ ಸದಸ್ಯರ ಮಟ್ಟಿಗೆ ನಿಷ್ಕ್ರಿಯವಾದವು.

ಭಿನ್ನಮತದ ತೀರ್ಪನ್ನು ಬರೆದವರು ಕ್ಲಾರೆನ್ಸ್ ಥಾಮಸ್. ಸಂವಿಧಾನ ಮೌನವಾಗಿರುವಲ್ಲಿ ಅಧಿಕಾರ ಆಯಾ ರಾಜ್ಯಗಳಿಗೂ ಅಲ್ಲಿನ ಜನರಿಗೂ ಉಳಿಯುತ್ತದೆ. ತಮ್ಮ ಪ್ರತಿನಿಧಿ ಹೇಗಿರಬೇಕೆಂದು ಒಂದು ರಾಜ್ಯದ ಜನರು ನಿರ್ಧರಿಸುವುದನ್ನು ಸಂವಿಧಾನ ಎಲ್ಲಿಯೂ ನಿಷೇಧಿಸಿಲ್ಲ ಎಂಬುದು ಅವರ ವಾದ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನಾಲ್ವರು ನ್ಯಾಯಾಧೀಶರು ಅದನ್ನು ಒಪ್ಪಿದ್ದರು. ಕೇಂದ್ರದ ದರ್ಪಕ್ಕೆ ರಾಜ್ಯಗಳು ತಡೆಯೊಡ್ಡಬೇಕೆಂಬ ಆಶಯ ನಮ್ಮಂತಹ ಒಕ್ಕೂಟ ದೇಶದವರಿಗೂ ಪ್ರಿಯವಾದುದೇ. ಹಾಗಿದ್ದೂ ಬಹುಮತದ ತೀರ್ಪಿನ ಬೆಲೆ ತಿಳಿಯಬೇಕಾದರೆ ನಾವು ಇನ್ನೂ ಹಿಂದಕ್ಕೆ, 1967ಕ್ಕೆ ಹೋಗಬೇಕು.

ಹಾರ್ಲೆಮಿನ ಪ್ರತಿನಿಧಿ

ನ್ಯೂಯಾರ್ಕಿನ ಹಾರ್ಲೆಮ್ ಕರಿಯ ಜನರ ಪ್ರಸಿದ್ಧ ಬಡಾವಣೆ. ಅಲ್ಲಿಂದ 1945ರಿಂದಲೂ ಪ್ರತಿನಿಧಿ ಸಭೆಯಲ್ಲಿದ್ದವರು ಧರ್ಮಬೋಧಕರೂ ಆಗಿದ್ದ ಆಡಮ್ ಕ್ಲೇಟನ್ ಪವೆಲ್. ಹಿರಿತನದ ಬಲದಿಂದ ಅವರು ಶಿಕ್ಷಣ ಮತ್ತು ಕಾರ್ಮಿಕ ಸಮಿತಿಯ ಅಧ್ಯಕ್ಷರಾಗಿದ್ದರು. ಸಾರ್ವಜನಿಕ ಹಣದ ದುರುಪಯೋಗದ ಆರೋಪ ಅವರ ಮೇಲೆ ಬಂತು. ಆರೋಪಗಳು ಗಂಭೀರವಾಗಿಯೇ ಇದ್ದವು. 1966ರ ಚುನಾವಣೆಯಲ್ಲಿ ಹಾರ್ಲೆಮಿನ ಜನರು ಅವರನ್ನು ಮತ್ತೆ ಆರಿಸಿದರು. ಆದರೆ 1967ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆಯು 307–116 ಮತಗಳಿಂದ ಅವರಿಗೆ ಸ್ಥಾನವನ್ನೇ ನಿರಾಕರಿಸಿತು. ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದಾಗ ಜನರು ಪುನಃ ಪವೆಲ್ಲರನ್ನೇ ಭಾರೀ ಬಹುಮತದಿಂದ ಗೆಲ್ಲಿಸಿದರು.

1969ರಲ್ಲಿ ಸುಪ್ರೀಂ ಕೋರ್ಟ್ ಪವೆಲ್ ಪರವಾಗಿ ತೀರ್ಪಿತ್ತಿತು. ಸಂವಿಧಾನ ಹೇಳಿದ ಅರ್ಹತೆಗಳಿರುವ ವ್ಯಕ್ತಿಯನ್ನು ಜನರು ಆರಿಸಿ ಕಳುಹಿಸಿದ ಮೇಲೆ ತನ್ನದೇ ಹೊಸ ಅರ್ಹತೆ ಸೇರಿಸಿ ಅವನಿಗೆ ಬಾಗಿಲು ಮುಚ್ಚುವ ಅಧಿಕಾರ ಸದನಕ್ಕಿಲ್ಲ ಎಂದಿತು. ಸದನದ ಒಳಗೆ ಬಂದವನು ತಪ್ಪು ಮಾಡಿದರೆ ಮೂರನೇ ಎರಡರಷ್ಟು ಬಹುಮತದಿಂದ ಉಚ್ಚಾಟಿಸುವ ದಾರಿ ಬೇರೆಯೇ ಇದೆ. ಹಾರ್ಲೆಮಿನ ಜನರ ಮತಕ್ಕೆ ಅಂದು ಗುರಾಣಿಯಾದ ಆ ತತ್ವವನ್ನೇ ಆಧರಿಸಿ 1995ರ ತೀರ್ಪು ಬಂತು. ಸದನದ ಬಹುಮತವು ಹೊಸ ಅರ್ಹತೆ ಸೇರಿಸಕೂಡದೆಂದ ಮೇಲೆ ಒಂದು ರಾಜ್ಯದ ಬಹುಮತಕ್ಕೂ ಆ ಅಧಿಕಾರವಿಲ್ಲ ಎಂದು ನ್ಯಾಯಾಲಯ ತರ್ಕಿಸಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅವಧಿ ಮಿತಿ ಹಾಕುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅರ್ಹತೆ ಸೇರಿಸುವ ಅಧಿಕಾರವೆಂಬುದು ಒಮ್ಮೆ ಕೈಗೆ ಬಂದರೆ ಒಳ್ಳೆಯ ಉದ್ದೇಶದವರ ಕೈಯಲ್ಲಷ್ಟೇ ಉಳಿಯುತ್ತದೆಯೇ? ಇಂದು 'ಮೂರು ಅವಧಿ ಮುಗಿಸಿದವನು ಬೇಡ' ಎನ್ನುವ ಬಹುಮತ ನಾಳೆ 'ಇಷ್ಟು ಓದದವನು ಬೇಡ', 'ಇಂತಿಷ್ಟು ಆಸ್ತಿಯಿಲ್ಲದವನು ಬೇಡ' ಎನ್ನಬಹುದು. ಕತ್ತಿಗೆ ಹಿಡಿದವರ ಉದ್ದೇಶ ತಿಳಿಯುವುದಿಲ್ಲ.

ಸೋತ ಮೇಲೂ ನಿಲ್ಲದ ಯತ್ನ

ತೀರ್ಪಿನೊಂದಿಗೆ ಚಳವಳಿ ಮುಗಿಯಲಿಲ್ಲ. ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಅನಂತರ 50ರಲ್ಲಿ 38 ರಾಜ್ಯಗಳು ಒಪ್ಪಬೇಕು. 1994ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಅವಧಿ ಮಿತಿಯ ಮಸೂದೆಯನ್ನು ಮತಕ್ಕೆ ಹಾಕುವ ವಾಗ್ದಾನ ಮಾಡಿ ನಾಲ್ಕು ದಶಕಗಳ ನಂತರ ಪ್ರತಿನಿಧಿ ಸಭೆಯಲ್ಲಿ ಬಹುಮತ ಪಡೆದಿತ್ತು. ತೀರ್ಪಿಗೆ ಎರಡು ತಿಂಗಳು ಮೊದಲು, 1995ರ ಮಾರ್ಚ್‌ನಲ್ಲಿ ಮಸೂದೆ ಮತಕ್ಕೆ ಬಂದಾಗ ಪರವಾಗಿ 227, ವಿರುದ್ಧ 204. ಸರಳ ಬಹುಮತ ಬಂದರೂ ಮೂರನೇ ಎರಡು ಬರಲಿಲ್ಲ. 1997ರಲ್ಲಿ ಮತ್ತೊಮ್ಮೆ ಮತಕ್ಕೆ ಹಾಕಿದಾಗ ಬೆಂಬಲ 217ಕ್ಕೆ ಇಳಿದಿತ್ತು. ಕುರ್ಚಿಯ ಕಾಲು ಕತ್ತರಿಸುವ ಗರಗಸವನ್ನು ಕುರ್ಚಿಯ ಮೇಲೆ ಕುಳಿತವರ ಕೈಗೇ ಕೊಟ್ಟರೆ ಆಗುವುದು ಇಷ್ಟೇ.

ಆಗ ಮಿಸೌರಿ ರಾಜ್ಯ ಇನ್ನೊಂದು ಉಪಾಯ ಹೂಡಿತು. ಅವಧಿ ಮಿತಿಯ ತಿದ್ದುಪಡಿಯನ್ನು ಬೆಂಬಲಿಸದ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ, ಆತ ಮತದಾರರ ಸೂಚನೆಯನ್ನು ಕಡೆಗಣಿಸಿದ್ದಾನೆಂದು ಮತಪತ್ರದಲ್ಲೇ ಮುದ್ರಿಸುವ ನಿಯಮವನ್ನು 1996ರಲ್ಲಿ ಅಲ್ಲಿ ಅಂಗೀಕರಿಸಲಾಯಿತು. ಸುಪ್ರೀಂ ಕೋರ್ಟ್ 2001ರಲ್ಲಿ ಅದನ್ನೂ ರದ್ದುಪಡಿಸಿತು. ಮತಪತ್ರ ಮತದಾರನ ಸೊತ್ತು. ಅದರ ಮೇಲೆ ಅಭ್ಯರ್ಥಿಗೆ ಕಳಂಕದ ಮುದ್ರೆಯೊತ್ತುವುದು ಸರಕಾರದ ಕೆಲಸವಲ್ಲ.

ಈಗ ಉಳಿದಿರುವ ದಾರಿ, 34 ರಾಜ್ಯಗಳು ಕೇಳಿಕೊಂಡರೆ ತಿದ್ದುಪಡಿಗಾಗಿ ವಿಶೇಷ ಸಮಾವೇಶ ಕರೆಯಬೇಕೆಂಬ ಸಂವಿಧಾನದ 5ನೇ ವಿಧಿ. 2016ರಲ್ಲಿ ಫ್ಲಾರಿಡಾ ಮತ್ತು ಅನಂತರ ಇನ್ನು ಕೆಲವು ರಾಜ್ಯಗಳು ಅವಧಿ ಮಿತಿಗೆಂದೇ ಇಂತಹ ಕೋರಿಕೆ ಸಲ್ಲಿಸಿವೆ. ಅಂತಹ ಸಮಾವೇಶ ಇದುವರೆಗೆ ಒಮ್ಮೆಯೂ ನಡೆದಿಲ್ಲ. ಆದರೂ ಈ ಒತ್ತಡ ನಿಷ್ಫಲವೆನ್ನಲಾಗದು. ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಬೇಕೆಂದು ರಾಜ್ಯಗಳು ಇದೇ ರೀತಿ ಒತ್ತಡ ಹೇರಿದಾಗ ಕಾಂಗ್ರೆಸ್ ತಾನೇ ಮುಂದಾಗಿ ತಿದ್ದುಪಡಿ ತಂದಿತು. 1913ರಲ್ಲಿ ಅದು ಜಾರಿಯಾಯಿತು. ಇತ್ತ ಉತ್ತರ ಡಕೋಟಾದ ಮತದಾರರು 2024ರ ಜೂನ್‌ನಲ್ಲಿ, ಅವಧಿ ಮುಗಿಯುವುದರೊಳಗೆ 81 ವರ್ಷ ತುಂಬುವವರನ್ನು ಕಾಂಗ್ರೆಸ್ಸಿಗೆ ಆರಿಸಕೂಡದೆಂಬ ವಯೋಮಿತಿಯನ್ನು ಅಂಗೀಕರಿಸಿದರು. ಇದೂ ಹೊಸ ಅರ್ಹತೆಯೇ ಆದ್ದರಿಂದ 1995ರ ತೀರ್ಪಿನೊಂದಿಗೆ ನೇರವಾಗಿ ಡಿಕ್ಕಿ ಹೊಡೆಯುತ್ತದೆ.

ಈ ಕಥೆಯಲ್ಲಿ ಮತದಾರನ ಪಾಲಿಗೊಂದು ಪಾಠವಿದೆ. ವಾಷಿಂಗ್ಟನ್ ರಾಜ್ಯದಿಂದ 1964ರಲ್ಲಿ ಮೊದಲು ಗೆದ್ದ ಟಾಮ್ ಫೋಲಿ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದರು. ತನ್ನ ರಾಜ್ಯದ ಜನರು ಅಂಗೀಕರಿಸಿದ ಅವಧಿ ಮಿತಿಯನ್ನು ಅವರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಜನರಿಗೆ ಅದು ರುಚಿಸಲಿಲ್ಲ. 1994ರಲ್ಲಿ ಅವರು ಸೋತರು. ಹಾಲಿ ಸ್ಪೀಕರ್ ಒಬ್ಬರು ಸ್ವಂತ ಕ್ಷೇತ್ರದಲ್ಲೇ ಸೋತದ್ದು 1862ರ ನಂತರ ಅದೇ ಮೊದಲು. ಅವರನ್ನು ಸೋಲಿಸಿದ ಜಾರ್ಜ್ ನೆದರ್‌ಕಟ್ ಮೂರು ಅವಧಿ ಮಾತ್ರ ಇರುವುದಾಗಿ ಮಾತು ಕೊಟ್ಟಿದ್ದರು. 2000ರಲ್ಲಿ ಆ ಮಾತು ಮುರಿದು ನಾಲ್ಕನೇ ಬಾರಿ ನಿಂತರು, ಗೆದ್ದರು! ಅದೇ 1994ರಲ್ಲಿ ಒಕ್ಲಹೋಮಾದಿಂದ ಗೆದ್ದಿದ್ದ ಟಾಮ್ ಕೋಬರ್ನ್ ಅಂತಹದೇ ಮಾತು ಕೊಟ್ಟು ಮೂರು ಅವಧಿ ಮುಗಿಸಿ 2001ರಲ್ಲಿ ಪ್ರತಿನಿಧಿ ಸಭೆಯಿಂದ ಹೊರನಡೆದರು. ಅಂದರೆ, ಕಾನೂನಿಲ್ಲದೆಯೂ ಸ್ಪೀಕರನನ್ನು ಮನೆಗೆ ಕಳುಹಿಸುವ ಶಕ್ತಿ ಮತದಾರನಿಗಿತ್ತು. ಮಾತು ತಪ್ಪಿದವನನ್ನು ಕ್ಷಮಿಸಿ ಮತ್ತೆ ಆರಿಸಿದವನೂ ಅದೇ ಮತದಾರ.

ಮಿತಿಯಿಂದ ಯಾರಿಗೆ ಲಾಭ?

ಇನ್ನು ಅಲ್ಪಸಂಖ್ಯಾತರ ದೃಷ್ಟಿಯಿಂದ ನೋಡೋಣ. 2006ರಲ್ಲಿ ಮಿನ್ನೆಸೋಟಾದಿಂದ ಕೀತ್ ಎಲಿಸನ್ ಗೆದ್ದು ಅಮೆರಿಕದ ಕಾಂಗ್ರೆಸ್ಸಿನ ಮೊದಲ ಮುಸ್ಲಿಮ್ ಸದಸ್ಯರಾದರು. ಆ ಸ್ಥಾನದಲ್ಲಿ 28 ವರ್ಷ ಇದ್ದ ಮಾರ್ಟಿನ್ ಸಾಬೊ ನಿವೃತ್ತರಾದಾಗ ಆ ಬಾಗಿಲು ತೆರೆಯಿತು. 2018ರಲ್ಲಿ ಎಲಿಸನ್ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ಸ್ಪರ್ಧಿಸಲು ಸ್ಥಾನ ಬಿಟ್ಟಾಗ ಇಲ್ಹಾನ್ ಉಮರ್ ಅಲ್ಲಿಂದ ಗೆದ್ದರು. ಅದೇ ವರ್ಷ ಮಿಚಿಗನ್‌ನಿಂದ ರಶೀದಾ ತ್ಲೈಬ್ ಗೆದ್ದರು. ಆ ಸ್ಥಾನದಲ್ಲಿ ಜಾನ್ ಕಾನ್ಯರ್ಸ್ 1965ರಿಂದ 2017ರವರೆಗೆ ಅರ್ಧ ಶತಮಾನ ಕುಳಿತಿದ್ದರು. ಹಳಬರು ಎದ್ದರೇನೇ ಹೊಸಬರಿಗೆ ಕುಳಿತುಕೊಳ್ಳಲು ಜಾಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ?

ಆದರೆ ಇದೇ ಚಿತ್ರದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ತ್ಲೈಬ್ ಮೊದಲು ಮಿಚಿಗನ್ ರಾಜ್ಯದ ಶಾಸನಸಭೆಯಲ್ಲಿದ್ದವರು. ಅಲ್ಲಿ ರಾಜ್ಯ ಶಾಸಕರಿಗೆ ಮೂರು ಅವಧಿಗಳ ಮಿತಿಯಿದ್ದುದರಿಂದ, ಕೆಲಸ ಕೈಗೆ ಹತ್ತಿದ ಹೊತ್ತಿಗೆ, 2014ರಲ್ಲಿ ಅವರು ಹೊರಬರಬೇಕಾಯಿತು. ಕಾನ್ಯರ್ಸ್ ಅವರದೂ ಎರಡು ಮುಖದ ಕಥೆ. ಅವರು ಹೊರನಡೆದದ್ದು ಮಹಿಳಾ ಸಿಬ್ಬಂದಿಯೊಂದಿಗೆ ಅನುಚಿತವಾಗಿ ವರ್ತಿಸಿದ ಆರೋಪಗಳ ನಡುವೆ. ಪ್ರಶ್ನಿಸುವವರಿಲ್ಲದ ದೀರ್ಘ ಅಧಿಕಾರ ಮನುಷ್ಯನನ್ನು ಎಲ್ಲಿಗೆ ಒಯ್ಯಬಹುದೆಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಆದರೆ 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ನಾಲ್ಕೇ ದಿನಗಳಲ್ಲಿ ಅವರ ಜನ್ಮದಿನವನ್ನು ರಾಷ್ಟ್ರೀಯ ರಜಾದಿನವಾಗಿಸುವ ಮಸೂದೆ ಮಂಡಿಸಿದವರೂ ಇದೇ ಕಾನ್ಯರ್ಸ್. ಸದನ ಕಿವಿಗೊಡಲಿಲ್ಲ. ಅವರು ಮತ್ತೆ ಮತ್ತೆ ಮಂಡಿಸಿದರು. 1979ರಲ್ಲಿ ಅದು ಐದು ಮತಗಳ ಕೊರತೆಯಿಂದ ಬಿದ್ದುಹೋಯಿತು. ಕೊನೆಗೆ 1983ರಲ್ಲಿ ಕಾನೂನಾಯಿತು. ಅರ್ಕನ್ಸಾದ ಮಿತಿ ಕಾನ್ಯರ್ಸ್‌ಗೆ ಅನ್ವಯವಾಗಿದ್ದರೆ ಅವರು 1971ರಲ್ಲೇ ಮನೆಯಲ್ಲಿರುತ್ತಿದ್ದರು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: 1983ರಲ್ಲಿ ಅಂಗೀಕಾರವಾದ ಮಸೂದೆಯನ್ನು ಮಂಡಿಸಿದವರು ಹಿಂದಿನ ವರ್ಷವಷ್ಟೇ ಇಂಡಿಯಾನಾದಿಂದ ಆರಿಸಿ ಬಂದಿದ್ದ ಕೇಟಿ ಹಾಲ್ ಎಂಬ ಕರಿಯ ಮಹಿಳೆ. ಹಳಬರ ಛಲ, ಹೊಸಬರ ಹುರುಪು ಎರಡೂ ಕೂಡಿದಾಗ ಕೆಲಸ ಕೈಗೂಡಿತು.

ಕ್ಯಾಲಿಫೋರ್ನಿಯಾದ ಅನುಭವವೂ ಇದನ್ನೇ ಹೇಳುತ್ತದೆ. 1995ರ ತೀರ್ಪು ಕಾಂಗ್ರೆಸ್ ಸದಸ್ಯರಿಗೆ ಮಾತ್ರ ಸಂಬಂಧಿಸಿದ್ದು. ರಾಜ್ಯಗಳು ತಮ್ಮ ಶಾಸಕರಿಗೆ ಮಿತಿ ಹಾಕಬಹುದು, ಈಗ 16 ರಾಜ್ಯಗಳಲ್ಲಿ ಅದು ಇದೆ. ಕ್ಯಾಲಿಫೋರ್ನಿಯಾ 1990ರಲ್ಲಿ ಕೆಳಮನೆಗೆ 6 ವರ್ಷ, ಮೇಲ್ಮನೆಗೆ 8 ವರ್ಷಗಳ ಮಿತಿ ಹಾಕಿತು. 1980ರಿಂದ ಸ್ಪೀಕರ್ ಆಗಿದ್ದ, ಕರಿಯ ಜನಾಂಗದ ಪ್ರಬಲ ನಾಯಕ ವಿಲ್ಲಿ ಬ್ರೌನ್ ಅದರ ಗುರಿಯೆಂದು ಆಗ ಎಲ್ಲರೂ ಮಾತನಾಡಿಕೊಂಡರು. ಬ್ರೌನ್ ಹೊರನಡೆದರು. ಹೊಸ ಬಾಗಿಲುಗಳೂ ತೆರೆದವು: 1996ರಲ್ಲಿ ಕ್ರೂಸ್ ಬುಸ್ತಮಾಂಟೆ ಲ್ಯಾಟಿನೊ ಮೂಲದ ಮೊದಲ ಸ್ಪೀಕರ್ ಆದರು. ಆದರೆ ಆರು ವರ್ಷಗಳಲ್ಲಿ ಹೊರಡಬೇಕಾದ ಶಾಸಕ ಬಜೆಟ್ಟಿನ ಒಳಸುಳಿ ಕಲಿಯುವುದು ಯಾವಾಗ? ಶಾಸಕ ಬದಲಾಗುತ್ತಾನೆ, ಅಧಿಕಾರಿ ಬದಲಾಗುವುದಿಲ್ಲ. ಕಂಪೆನಿಗಳ ಪರವಾಗಿ ಲಾಬಿ ಮಾಡುವವನೂ ಬದಲಾಗುವುದಿಲ್ಲ. ಮಿತಿಯಿರುವ ರಾಜ್ಯಗಳನ್ನು ಅಧ್ಯಯನ ಮಾಡಿದ ವಿದ್ವಾಂಸರು, ಶಾಸಕಾಂಗದ ಬಲ ಕುಗ್ಗಿ ಗವರ್ನರ್ ಮತ್ತು ಅಧಿಕಾರಶಾಹಿಯ ಬಲ ಹೆಚ್ಚಿದ್ದನ್ನು ಗುರುತಿಸಿದ್ದಾರೆ. ಕ್ಯಾಲಿಫೋರ್ನಿಯಾದ ಜನರೇ 2012ರಲ್ಲಿ ನಿಯಮವನ್ನು ಸಡಿಲಿಸಿ, ಎರಡೂ ಮನೆಗಳಿಗೆ ಸೇರಿ ಒಟ್ಟು 12 ವರ್ಷ ಎಂದು ಬದಲಿಸಿದರು. 2022ರಲ್ಲಿ ಮಿಚಿಗನ್ ಕೂಡ ಅದೇ ದಾರಿ ಹಿಡಿಯಿತು.

ನಮ್ಮ ದೇಶದ ಕನ್ನಡಿಯಲ್ಲಿ

ಭಾರತದಲ್ಲಿ ಸಂಸದರಿಗಾಗಲಿ ಶಾಸಕರಿಗಾಗಲಿ ಅವಧಿ ಮಿತಿಯಿಲ್ಲ. ಸಂಸತ್ ಸದಸ್ಯನ ಅರ್ಹತೆ ಮತ್ತು ಅನರ್ಹತೆಗಳನ್ನು ಸಂವಿಧಾನದ 84 ಮತ್ತು 102ನೇ ವಿಧಿಗಳು ಹೇಳುತ್ತವೆ. ಅದಕ್ಕೆ ಸೇರಿಸುವ ಅಧಿಕಾರವಿರುವುದು ಸಂಸತ್ತಿಗೆ, ರಾಜ್ಯಗಳಿಗಲ್ಲ. ಆದರೆ ಪಂಚಾಯತಿಗಳ ವಿಷಯದಲ್ಲಿ ಹಾಗಿಲ್ಲ. 243-ಎಫ್ ವಿಧಿಯ ಪ್ರಕಾರ ಪಂಚಾಯತಿ ಸದಸ್ಯರ ಅನರ್ಹತೆಗಳನ್ನು ರಾಜ್ಯ ಶಾಸನಸಭೆ ತನ್ನ ಕಾನೂನಿನಿಂದ ಸೇರಿಸಬಹುದು. ಆ ಅಧಿಕಾರ ಹೇಗೆ ಬಳಕೆಯಾಯಿತು?

ಹರಿಯಾಣವು ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತಿಗೆ ಸ್ಪರ್ಧಿಸಕೂಡದೆಂದು ಕಾನೂನು ಮಾಡಿತು. ಅದು ಧಾರ್ಮಿಕ ಸ್ವಾತಂತ್ರ್ಯಕ್ಕೂ ಖಾಸಗಿ ಬದುಕಿಗೂ ಧಕ್ಕೆ ತರುತ್ತದೆಂಬ ವಾದವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಜಾವೇದ್ ಪ್ರಕರಣದಲ್ಲಿ ತಳ್ಳಿಹಾಕಿ ಕಾನೂನನ್ನು ಎತ್ತಿಹಿಡಿಯಿತು. ಆ ನಿಯಮವನ್ನು ಹರಿಯಾಣ ಅನಂತರ ತಾನೇ ಕೈಬಿಟ್ಟಿತು. 2015ರಲ್ಲಿ ಅದೇ ರಾಜ್ಯ ಶಿಕ್ಷಣದ ಅರ್ಹತೆ ತಂದಿತು: ಸಾಮಾನ್ಯ ವರ್ಗದ ಪುರುಷರಿಗೆ ಹತ್ತನೇ ತರಗತಿ, ಮಹಿಳೆಯರಿಗೆ ಎಂಟನೇ ತರಗತಿ. ಶಾಲೆಯ ಮುಖ ಕಾಣದಂತೆ ಬೆಳೆದ ಹಳ್ಳಿಯ ಬಡ ಮಹಿಳೆಯರು ಮತ್ತು ದಲಿತರು ಇದರಿಂದ ದೊಡ್ಡ ಸಂಖ್ಯೆಯಲ್ಲಿ ಹೊರಗುಳಿದರು. ರಾಜಬಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಎತ್ತಿಹಿಡಿಯಿತು. ಶಾಲೆ ಒದಗಿಸದಿದ್ದುದು ಸರಕಾರ, ಶಿಕ್ಷೆ ಅನುಭವಿಸಿದ್ದು ಶಾಲೆ ಸಿಗದವರು. ಅರ್ಹತೆ ಸೇರಿಸುವ ಅಧಿಕಾರ ಸ್ಥಳೀಯ ಬಹುಮತದ ಕೈಗೆ ಬಂದರೆ ಮೊದಲು ಹೊರಬೀಳುವವರು ಯಾರೆಂಬುದನ್ನು ನಾವು ಅಮೆರಿಕಕ್ಕೆ ಹೋಗಿ ತಿಳಿಯಬೇಕಾಗಿಲ್ಲ.

ಹಾಗಾದರೆ ಅವಧಿ ಮಿತಿ ಬೇಕೇ, ಬೇಡವೇ? ಕುರ್ಚಿಗೆ ಅಂಟಿಕೊಳ್ಳುವ ರೋಗಕ್ಕೆ ಮದ್ದು ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಮದ್ದನ್ನು ಕೊಡುವವರು, ಅದರ ಕಟ್ಟುಪಾಡಿಗೆ ಒಳಪಡುವ ಎಲ್ಲ ಜನರೂ ಸೇರಿದ ಸಮಗ್ರ ಸಮಾಜವಾಗಿರಬೇಕು. ಅದು ಎಲ್ಲರಿಗೂ ಒಂದೇ ಅಳತೆಯಲ್ಲಿರಬೇಕು, ಕಲಿಯಲು ಸಾಕಷ್ಟು ಸಮಯ ಕೊಡುವಂತಿರಬೇಕು. ಅಧ್ಯಕ್ಷನಿಗೆ ಮಿತಿ ಹಾಕಿದ 22ನೇ ತಿದ್ದುಪಡಿ ಬಂದದ್ದು ಹಾಗೆಯೇ. 1995ರ ತೀರ್ಪೂ ಮಿತಿ ತಪ್ಪೆನ್ನಲಿಲ್ಲ. ಅದಕ್ಕೆ ಸರಿಯಾದ ಬಾಗಿಲನ್ನು ತೋರಿಸಿತು. ಒಬ್ಬರು ಇನ್ನೊಬ್ಬರ ಪ್ರತಿನಿಧಿಯನ್ನು ತಡೆಯಲು ಬಳಸುವ ಮಿತಿ ಸುಧಾರಣೆಯಲ್ಲ, ಅದು ಸುಧಾರಣೆಯ ವೇಷ ತೊಟ್ಟ ಬಹಿಷ್ಕಾರ.

ಈ ಅಳತೆಗೋಲನ್ನು ನಮ್ಮ ಸಂಘ ಸಂಸ್ಥೆಗಳಿಗೂ ಹಿಡಿಯೋಣ. ಸಮುದಾಯದ ಶಿಕ್ಷಣ ಸಂಸ್ಥೆಗಳಲ್ಲಿ, ಆಡಳಿತ ಸಮಿತಿಗಳಲ್ಲಿ ಒಬ್ಬರೇ ದಶಕಗಳ ಕಾಲ ಅಧ್ಯಕ್ಷರಾಗಿರುವುದನ್ನು, ಓದಿದ ಯುವಕರೂ ಮಹಿಳೆಯರೂ ಹೊರಗೇ ನಿಂತಿರುವುದನ್ನು ನಾವು ಕಾಣುತ್ತಿಲ್ಲವೇ? ಅಲ್ಲಿ ನ್ಯಾಯಾಲಯದ ಅಡ್ಡಿಯೂ ಇಲ್ಲ, ಮೂರನೇ ಎರಡರಷ್ಟು ಸಂಸದರ ಹಂಗೂ ಇಲ್ಲ. ಸದಸ್ಯರೆಲ್ಲ ಮಹಾಸಭೆಯಲ್ಲಿ ಕುಳಿತು, ಇಷ್ಟು ಅವಧಿಯ ನಂತರ ಹುದ್ದೆ ಬಿಟ್ಟುಕೊಡಬೇಕು, ಹುದ್ದೆ ಬಿಟ್ಟವರು ಸಲಹೆಗಾರರಾಗಿ ಅನುಭವ ಹಂಚಬೇಕು ಎಂದು ಬೈಲಾದಲ್ಲಿ ಬರೆದುಕೊಂಡರೆ ಮುಗಿಯಿತು. ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ಮಿತಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಸಂಸತ್ತಿನ ಮಟ್ಟದಲ್ಲಿ, ಕಾನೂನು ಬರುವವರೆಗೆ ಮಿತಿ ಹಾಕುವ ಹೊಣೆ ಮತದಾರರಾದ ನಮ್ಮದೇ. ಪ್ರತಿನಿಧಿ ಎಷ್ಟು ವರ್ಷ ಕುಳಿತನೆಂಬ ಲೆಕ್ಕದ ಜೊತೆಗೆ ಕುಳಿತು ಮಾಡಿದ್ದೇನೆಂಬ ಲೆಕ್ಕವನ್ನೂ ಕೇಳೋಣ. ಕಾನ್ಯರ್ಸ್‌ರಂತೆ ಒಂದೇ ಮಸೂದೆಗಾಗಿ 15 ವರ್ಷ ಹೋರಾಡಿದವನಾದರೆ ಆ ವರ್ಷಗಳು ಸಾರ್ಥಕ. ಅರ್ಜಿ ಹಿಡಿದು ಬಂದವರನ್ನು ಹೊರಗೆ ಕಾಯಿಸುವುದರಲ್ಲೇ ಕಾಲ ಕಳೆದವನಾದರೆ ಅವನಿಗೆ ಐದು ವರ್ಷವೇ ಹೆಚ್ಚಾಯಿತು. ಹಾಗೆ ತೀರ್ಮಾನಿಸುವ ಹಕ್ಕನ್ನು ಯಾರ ಕೈಗೂ ಬಿಟ್ಟುಕೊಡದೆ, ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪದಂತೆ ನೋಡಿಕೊಂಡು, ಚುನಾವಣೆಯ ದಿನ ಮನೆಯಲ್ಲಿ ಉಳಿಯದೆ ಚಲಾಯಿಸೋಣ.